ಹಿಟ್ಟು ನಾದಿದವರ ಮಾತು

ಶಂಕರನಾರಾಯಣದಂಥ ಊರಿನಲ್ಲಿ ಬೆಳೆದವರಿಗೆ ಹೀಬ್ರೂ ಧರ್ಮಗ್ರಂಥದ ಪ್ರವಾದಿಗಳನ್ನು ಓದುವಾಗ ಪ್ರಾರಂಭದಲ್ಲೇ ಒಂದು ತೊಡಕು ಎದುರಾಗುತ್ತದೆ. ನಮ್ಮೂರ ಗರ್ಭಗುಡಿಯಲ್ಲಿ ಹರನೂ ಹರಿಯೂ ಅಕ್ಕಪಕ್ಕದಲ್ಲಿ, ಲಿಂಗರೂಪದಲ್ಲಿ, ನೀರಿನೊಳಗೆ ಇದ್ದಾರೆ. ಊರಿನ ಹೆಸರೂ ಇಬ್ಬರಿಗೂ ಸೇರಿದ್ದು. ದೇವಸ್ಥಾನದಿಂದ ಮನೆಗೆ ಬಂದರೆ ಹಾಡಿಯ ಬದಿಯಲ್ಲಿ ನಾಗಬನ, ಗದ್ದೆಯ ಅಂಚಿನಲ್ಲಿ ದೈವದ ಕಲ್ಲು. ಇವರಲ್ಲೊಬ್ಬರಿಗೆ ಕೈಮುಗಿದದ್ದಕ್ಕೆ ಇನ್ನೊಬ್ಬರು ಮುನಿಸಿಕೊಂಡರೆಂದು ನಾವು ಯಾರೂ ಕೇಳಿದ್ದಿಲ್ಲ. ಪ್ರವಾದಿಗಳ ಲೋಕದಲ್ಲಿ ಹಾಗಲ್ಲ. ಅಲ್ಲಿ ಪರದೇವತೆಗೆ ಕೈಮುಗಿದದ್ದಕ್ಕೆ ಬೆಲೆ ತೆರುವುದು ಒಬ್ಬಿಬ್ಬರಲ್ಲ, ಇಡೀ ರಾಜ್ಯ. ಬರ ಬರುತ್ತದೆ, ವೈರಿ ಬರುತ್ತಾನೆ, ಪಟ್ಟಣ ಸುಟ್ಟು ಹೋಗುತ್ತದೆ, ಉಳಿದವರು ಸೆರೆಯಾಳುಗಳಾಗಿ ನಡೆಯುತ್ತಾರೆ.

ಈ ಗ್ರಂಥ ನಮಗೆ ಹೊರಗಿನದೇನಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಷ್ಟು ಹಿಂದೆಯೇ ಇಡೀ ಬೈಬಲ್ಲು ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಮ್ಮ ಕರಾವಳಿಯಲ್ಲಿ ಅಚ್ಚುಕೂಟ, ಶಾಲೆಗಳನ್ನು ತೆರೆದರು. ಪ್ರವಾದಿಗಳ ತೀರ್ಪಿನ ಮಾತು ನಮ್ಮ ಮಣ್ಣಿನ ಮೇಲೂ ಬಿದ್ದದ್ದು ಆ ಕಾಲದಲ್ಲೇ. ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಭೂತಾರಾಧನೆಯ ಸಾಮಗ್ರಿ 1894ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಅದಕ್ಕಿದ್ದ ಹೆಸರು ತುಳುವರ ದೆವ್ವಪೂಜೆ ಎಂಬರ್ಥದ್ದು. ಹಾಗೆಂದು ಸಿಟ್ಟಿನಿಂದ ಪುಸ್ತಕ ಮುಚ್ಚಿಡುವುದರಲ್ಲಿ ಲಾಭವಿಲ್ಲ. ಅದನ್ನು ಪವಿತ್ರವೆಂದು ನಂಬಿದ ನೆರೆಹೊರೆಯವರ ಬಗ್ಗೆ ಗೌರವ ಇಟ್ಟುಕೊಂಡೇ, ರಾಮಾಯಣ ಮಹಾಭಾರತಗಳನ್ನು ಪ್ರಶ್ನಿಸುತ್ತ ಓದುವ ಹಾಗೆ ಇದನ್ನೂ ಓದಬಹುದು. ಹೆಂಗಸರಂತೂ ಓದಲೇಬೇಕು. ಯಾಕೆಂದರೆ ಈ ಪುಟಗಳಲ್ಲಿ ಅಪರಾಧಿಯ ಸ್ಥಾನದಲ್ಲಿ ಮತ್ತೆ ಮತ್ತೆ ನಿಲ್ಲುವವಳು ಹೆಂಗಸು.

ಹೋಶೇಯನನ್ನೇ ನೋಡಿ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಈ ಪ್ರವಾದಿ ದೇವರನ್ನು ಗಂಡನೆಂದೂ ಜನಾಂಗವನ್ನು ದಾರಿತಪ್ಪಿದ ಹೆಂಡತಿಯೆಂದೂ ಕಲ್ಪಿಸಿದ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಎಲ್ಲ ಕೊಟ್ಟವನು ಗಂಡ. ಅವಳು ಅದನ್ನು ಮಿಂಡರು ಕೊಟ್ಟದ್ದೆಂದು ತಿಳಿದಳು. ಇಷ್ಟರವರೆಗೆ ಮನಸ್ಸು ಕಲಕುವ ಕಾವ್ಯವೇ. ಮುಂದೆ ಗಂಡನು ಅವಳ ದಾರಿಗೆ ಮುಳ್ಳಿನ ಬೇಲಿ ಹಾಕುತ್ತೇನೆ, ಕೊಟ್ಟದ್ದನ್ನೆಲ್ಲ ಕಿತ್ತುಕೊಳ್ಳುತ್ತೇನೆ, ಎಲ್ಲರೆದುರು ಬೆತ್ತಲೆ ಮಾಡುತ್ತೇನೆ ಎನ್ನುತ್ತಾನೆ. ಅದಾದ ಮೇಲೆ ಒಲಿಸಿ ಕರೆದುಕೊಂಡು ಬರುತ್ತೇನೆ ಎಂದೂ ಹೇಳುತ್ತಾನೆ. ಹೊಡೆದು, ಆಮೇಲೆ ಸೀರೆ ತಂದುಕೊಡುವ ಗಂಡಸನ್ನು ಕಂಡವರಿಗೆ ಈ ಕ್ರಮ ಪರಿಚಯದ್ದೇ. ಯೆಹೆಜ್ಕೇಲನಲ್ಲಿ ಇದೇ ರೂಪಕ ಇನ್ನೂ ಕ್ರೂರವಾಗಿದೆ. ರಾಜರು ಮಾಡಿದ ತಪ್ಪು, ಮಂತ್ರಿಗಳು ಮಾಡಿಕೊಂಡ ಒಪ್ಪಂದ, ಯಾಜಕರ ಲೋಭ, ಇದೆಲ್ಲವನ್ನೂ ಹೇಳಲು ಸಿಕ್ಕಿದ ಚಿತ್ರ ಹೆಂಗಸಿನ ಮೈಯೇ ಆಯಿತಲ್ಲ! ರೂಪಕವೆಂದು ಹೇಳಿ ಇದನ್ನು ಬಿಟ್ಟುಬಿಡುವಂತಿಲ್ಲ. ದೇವರು ಮಾಡಿದ್ದು ಸರಿಯಾದರೆ ಗಂಡ ಮಾಡಿದ್ದೂ ಸರಿಯೇ ಎಂದು ಕೇಳುವವನು ಯಾವ ಊರಿನಲ್ಲೂ ಇರುತ್ತಾನೆ.

ಆದರೆ ಅದೇ ಗ್ರಂಥ ಒಂದು ಕಡೆ ಹೆಂಗಸರಿಗೆ ಉತ್ತರ ಕೊಡಲು ಜಾಗ ಬಿಟ್ಟಿದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಆ ಭಾಗ. ಯೆರೆಮೀಯನ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಬೀದಿಗಳ ವರ್ಣನೆ ಬರುತ್ತದೆ. ಮಕ್ಕಳು ಸೌದೆ ಆಯುತ್ತಾರೆ, ಅಪ್ಪಂದಿರು ಬೆಂಕಿ ಹೊತ್ತಿಸುತ್ತಾರೆ, ಹೆಂಗಸರು ಆಕಾಶದ ರಾಣಿಯೆಂಬ ದೇವಿಗೆ ರೊಟ್ಟಿ ಮಾಡಲು ಹಿಟ್ಟು ನಾದುತ್ತಾರೆ. ಪ್ರವಾದಿಗೆ ಇದು ದೇವರ ಕೋಪವನ್ನು ಕೆರಳಿಸುವ ಪಾಪ. ನಮಗೋ, ನಾಗರ ಪಂಚಮಿಯ ಬೆಳಿಗ್ಗೆ ಅರಶಿನ ಎಲೆಯ ಕಡುಬಿಗೆ ಅಕ್ಕಿ ಅರೆಯುವ ನಮ್ಮದೇ ಅಡಿಗೆಮನೆ.

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು. ಉಳಿದವರಲ್ಲಿ ಕೆಲವರು ಯೆರೆಮೀಯನನ್ನೂ ಕರೆದುಕೊಂಡು ಐಗುಪ್ತಕ್ಕೆ ಓಡಿದರು. ಅಲ್ಲಿಯೂ ಹೆಂಗಸರು ಆ ದೇವಿಗೆ ಧೂಪ ಹಾಕುವುದನ್ನು ಕಂಡು ಪ್ರವಾದಿ ಗದರುತ್ತಾನೆ. ನಲವತ್ತನಾಲ್ಕನೆಯ ಅಧ್ಯಾಯದಲ್ಲಿ ಆ ಹೆಂಗಸರೂ ಅವರ ಗಂಡಂದಿರೂ ತಿರುಗಿ ಮಾತಾಡುತ್ತಾರೆ. ಅವರ ವಾದ ಇಷ್ಟು: ಹಿಂದೆ ನಮ್ಮ ಹಿರಿಯರೂ ಅರಸರೂ ಈ ಪೂಜೆ ಮಾಡುತ್ತಿದ್ದಾಗ ಹೊಟ್ಟೆಗಿತ್ತು, ನೆಮ್ಮದಿಯಿತ್ತು. ನಿಲ್ಲಿಸಿದ ಮೇಲೆಯೇ ಕತ್ತಿಯೂ ಹಸಿವೂ ನಮ್ಮನ್ನು ತಿಂದವು. ಹೆಂಗಸರು ಇನ್ನೊಂದು ಮಾತು ಸೇರಿಸುತ್ತಾರೆ: ನಾವೇನು ಗಂಡಂದಿರಿಗೆ ತಿಳಿಯದಂತೆ ಇದನ್ನು ಮಾಡಿದೆವೇ?

ಕೇಡು ಒಂದೇ, ಕಾರಣ ಮಾತ್ರ ತಲೆಕೆಳಗು. ಪೂಜೆ ಮಾಡಿದ್ದಕ್ಕೆ ಬಂತು ಎನ್ನುತ್ತಾನೆ ಪ್ರವಾದಿ. ಬಿಟ್ಟದ್ದಕ್ಕೆ ಬಂತು ಎನ್ನುತ್ತಾರೆ ಇವರು. ಇವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗೂ ಇಲ್ಲ. ಕ್ರಿ.ಪೂ. 622ರ ಸುಮಾರಿಗೆ ಯೋಷೀಯ ಎಂಬ ಅರಸ ದೇಶದ ವಿಗ್ರಹಗಳನ್ನೆಲ್ಲ ಒಡೆಸಿ, ಆಲಯದಲ್ಲಿ ಹೆಂಗಸರು ಅಶೇರ ದೇವಿಗಾಗಿ ನೇಯುತ್ತಿದ್ದ ಜಾಗವನ್ನೂ ಕೆಡವಿಸಿದ. ಗ್ರಂಥ ಅವನನ್ನು ಹೊಗಳಿದಷ್ಟು ಬೇರೆ ಅರಸರನ್ನು ಹೊಗಳುವುದು ಅಪರೂಪ. ಅಂಥವನು ಕ್ರಿ.ಪೂ. 609ರಲ್ಲಿ ಮೆಗಿದ್ದೋ ಎಂಬಲ್ಲಿ ಐಗುಪ್ತದ ಅರಸನ ಕೈಯಲ್ಲಿ ಸತ್ತ. ಇಪ್ಪತ್ತಮೂರು ವರ್ಷಗಳಲ್ಲಿ ರಾಜ್ಯವೂ ಹೋಯಿತು. ಅವನ ಅಜ್ಜ ಮನಸ್ಸೆಯ ಪಾಪ ತೀರಿರಲಿಲ್ಲ ಎಂದು ಗ್ರಂಥ ಸಮಾಧಾನ ಹೇಳುತ್ತದೆ. ಇಷ್ಟೆಲ್ಲ ಕಂಡ ಹೆಂಗಸರಿಗೆ ಬೇರೆ ಲೆಕ್ಕ ಹೊಳೆದದ್ದರಲ್ಲಿ ಆಶ್ಚರ್ಯವೇನು? ಯೆಹೂದದ ನೆಲದಲ್ಲಿ ನೂರಾರು ಸಣ್ಣ ಮಣ್ಣಿನ ಸ್ತ್ರೀಮೂರ್ತಿಗಳು ಸಿಕ್ಕಿವೆ, ಬಹಳಷ್ಟು ಮನೆಗಳಲ್ಲೇ. 1975–76ರಲ್ಲಿ ಸೀನಾಯಿಯ ಕುಂತಿಲೆತ್ ಅಜ್ರುದ್‌ನಲ್ಲಿ ಸಿಕ್ಕಿದ ಮಡಕೆಗಳ ಮೇಲಿನ ಬರಹ ಯೆಹೋವನ ಜೊತೆಗೇ ಅಶೇರವನ್ನೂ ಹೆಸರಿಸುತ್ತದೆ. ಪ್ರವಾದಿಗಳು ಬೈದದ್ದು ಹೊರಗಿನಿಂದ ಬಂದ ಯಾವುದೋ ಚಟವನ್ನಲ್ಲ, ಮನೆಮನೆಯ ರೂಢಿಯನ್ನು.

ಆ ಹೆಂಗಸರ ವಾದವನ್ನು ನಾವು ಕುಂದಾಪುರದ ಕಡೆಯವರು ದಿನಾ ಕೇಳುತ್ತೇವೆ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂದರೆ ಪ್ರಶ್ನೆ ಇಡಿಸುತ್ತಾರೆ. ಕವಡೆ ಮಗುಚಿದ ಜೋಯಿಸರು ಹೇಳುವುದೂ ಬಿಟ್ಟದ್ದರ ಲೆಕ್ಕವನ್ನೇ. “ನಾಗನಿಗೆ ತನು ಎರೆಯದೆ ಎಷ್ಟ್ ವರ್ಷ ಆಯ್ತ್?” ಎಂದು ಮನೆಯ ಹಿರಿಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಇದರಲ್ಲಿ ಸಾಂತ್ವನ ಇಲ್ಲವೆಂದಲ್ಲ; ಮುನಿದವರು ಯಾರೆಂದು ತಿಳಿದರೆ ಸಮಾಧಾನಪಡಿಸಲು ದಾರಿಯಿದೆಯಲ್ಲ. ಆದರೆ ತಪ್ಪು ಯಾರದೆಂದು ಹುಡುಕುತ್ತ ಹೋದಾಗ ಕೊನೆಗೆ ಬೊಟ್ಟು ಯಾರ ಕಡೆಗೆ ತಿರುಗುತ್ತದೆ? ನನ್ನ ಪರಿಚಯದ ಮನೆಯೊಂದರಲ್ಲಿ ಎರಡು ಸಲ ಬಸಿರು ನಿಲ್ಲದೆ ಬಳಲಿದ ಸೊಸೆಗೆ, ಮೈಲಿಗೆಯಲ್ಲಿ ಬನದ ಬದಿಯಿಂದ ಹೋದವಳು ನೀನೇ ಎಂದುಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಡಮಾಡಿದ ಗಂಡಸರ ಹೆಸರು ಆ ಪ್ರಶ್ನೆಯಲ್ಲಿ ಬರಲೇ ಇಲ್ಲ. ಒಬ್ಬ ದೇವರ ನಾಡಾದರೂ ಅಷ್ಟೆ, ನೂರು ದೇವರ ನಾಡಾದರೂ ಅಷ್ಟೆ. ಶಿಕ್ಷೆಗೆ ಕಾರಣ ಹುಡುಕುವಾಗ ಹೆಂಗಸು ಕೈಗೆ ಸಿಗುವಷ್ಟು ಹತ್ತಿರದಲ್ಲಿರುತ್ತಾಳೆ.

ಹಾಗಾದರೆ ಪ್ರವಾದಿಗಳಲ್ಲಿ ನಮಗೆ ಉಳಿಯುವುದೇನು? ಯೆಶಾಯನ ಪುಸ್ತಕದಲ್ಲಿ ವಿಗ್ರಹ ಮಾಡುವವನ ಗೇಲಿಯಿದೆ: ಮರದ ಅರ್ಧ ತುಂಡಿನಿಂದ ಅಡಿಗೆ ಮಾಡಿ ಉಂಡು, ಇನ್ನರ್ಧಕ್ಕೆ ಅಡ್ಡ ಬೀಳುತ್ತಾನಂತೆ. ನಗು ಬರುವಂತೆ ಬರೆದಿದ್ದಾನೆ, ನಿಜ. ಆದರೆ ಚೌತಿಯ ಗಣಪತಿಯನ್ನು ಆವಾಹನೆ ಮಾಡಿ, ಪೂಜಿಸಿ, ಕೆರೆಗೆ ಬಿಟ್ಟು ಬರುವವರಿಗೆ ಅದು ಮಣ್ಣೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬಾಣ ನಮಗೆ ತಾಗುವುದಿಲ್ಲ.

ತಾಗುವುದು ಬೇರೆಯೇ. ಆಮೋಸನು ಹೇಳುವ ತೀರ್ಪು ಬರುವುದು ಅಳತೆಯ ಸೇರನ್ನು ಚಿಕ್ಕದು ಮಾಡಿದವರಿಗೆ, ಮೋಸದ ತಕ್ಕಡಿ ಹಿಡಿದವರಿಗೆ, ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಕೊಂಡವರಿಗೆ. ಬಡವರನ್ನು ಹಿಂಡಿ ಮೇಜವಾನಿ ಮಾಡುವ ಶ್ರೀಮಂತ ಹೆಂಗಸರನ್ನೂ ಅವನು ಬಿಡುವುದಿಲ್ಲ. ಅವರನ್ನು ಬೈದದ್ದು ನ್ಯಾಯವೇ. ರೊಟ್ಟಿಯ ವಿಷಯಕ್ಕೆ ಗದರಿದ ಯೆರೆಮೀಯನೂ ಅದೇ ಅಧ್ಯಾಯದ ಮೊದಲಲ್ಲಿ ಆಲಯದ ಬಾಗಿಲಲ್ಲಿ ನಿಂತು, ಪರದೇಶಿಯನ್ನೂ ತಬ್ಬಲಿಯನ್ನೂ ವಿಧವೆಯನ್ನೂ ಹಿಂಸಿಸಬೇಡಿ, ಇದು ದೇವರ ಮನೆಯೆಂದು ಜಪಿಸಿದ ಮಾತ್ರಕ್ಕೆ ನೀವು ಉಳಿಯಲಾರಿರಿ ಎಂದು ಎಚ್ಚರಿಸಿದ್ದಾನೆ. ತನ್ನವರ ದೇವಾಲಯವೇ ವಿಗ್ರಹವಾಗಿಬಿಟ್ಟಿದೆ ಎಂದು ತನ್ನವರಿಗೇ ಹೇಳುವ ಧೈರ್ಯ ಅದು. ಬ್ರಹ್ಮಕಲಶಕ್ಕೆ ರಸೀದಿ ಪುಸ್ತಕ ಹಿಡಿದು ಹೊರಟ ಊರಿನಲ್ಲಿ ಒಬ್ಬ ವಿಧವೆಯ ಗದ್ದೆಯ ಅಂಚು ವರ್ಷವರ್ಷವೂ ಸರಿಯುತ್ತಿದ್ದರೆ ಈ ಮಾತು ನಮಗೂ ಸಲ್ಲುತ್ತದೆ. ಅದಕ್ಕೆ ಜಾತಿ ಮತದ ಹಂಗಿಲ್ಲ.

ಪ್ರವಾದಿಗಳು ಎರಡು ಬಗೆಯ ತಪ್ಪನ್ನು ಒಂದೇ ಉಸಿರಿನಲ್ಲಿ ಹೇಳಿದರು. ಓದುವ ನಾವು ಅವನ್ನು ಬೇರೆ ಮಾಡಿಕೊಳ್ಳಬೇಕು. ಯೆರೆಮೀಯನ ಪುಸ್ತಕವನ್ನು ಕೂಡಿಸಿದವರು, ತಮಗೆ ಒಪ್ಪಿಗೆಯಿಲ್ಲದಿದ್ದರೂ, ಆ ಹೆಂಗಸರ ಉತ್ತರವನ್ನು ಅಳಿಸದೆ ಉಳಿಸಿದ್ದಾರೆ. ಅದಕ್ಕಾಗಿ ಅವರಿಗೆ ನಮಸ್ಕಾರ. ಇನ್ನು ಮುಂದೆ ನೆರೆಗೋ ಬರಕ್ಕೋ ಮನೆಯ ಸಾವಿಗೋ ದೇವರ ಸಿಟ್ಟೇ ಕಾರಣವೆಂದು ಯಾರಾದರೂ ತೀರ್ಪು ಹೇಳಿದರೆ, ತಲೆತಗ್ಗಿಸುವ ಮೊದಲು ನಾವೂ ಒಂದು ಮಾತು ಕೇಳೋಣ: ಯಾರ ತಪ್ಪಿಗೆ, ತಕ್ಕಡಿ ಹಿಡಿದವರದ್ದಕ್ಕೋ, ಹಿಟ್ಟು ನಾದಿದವರದ್ದಕ್ಕೋ?