ಬಿಸಿಯ ಲೆಕ್ಕದಲ್ಲಿ ಕಾಣೆಯಾದ ಎಲೆಕ್ಟ್ರಾನ್

1958ರಲ್ಲಿ ಬ್ರಿಟನ್ನಿನ ಹಾರ್ವೆಲ್‌ನಲ್ಲಿ ಡಿ.ಎ. ಯಂಗ್ ಯುರೇನಿಯಂ ಹಾಳೆಯ ಎದುರಿಗೆ ಲಿಥಿಯಂ ಫ್ಲೋರೈಡ್ ಹರಳನ್ನಿಟ್ಟು ನ್ಯೂಟ್ರಾನುಗಳನ್ನು ಹಾಯಿಸಿದರು. ಆಮೇಲೆ ಹರಳನ್ನು ರಾಸಾಯನಿಕದಲ್ಲಿ ಅದ್ದಿದಾಗ ಮೈತುಂಬ ಸಣ್ಣ ಗುಳಿಗಳು. ಒಂದೊಂದೂ ಯುರೇನಿಯಂ ಒಡೆದು ಸಿಡಿದ ಒಂದೊಂದು ಚೂರು ಹೊಕ್ಕ ಜಾಗ. ಆ ಚೂರು ಪರಮಾಣುಗಳಿಗೆ ನೇರವಾಗಿ ಗುದ್ದಿದ್ದು ತೀರ ಕಡಿಮೆ, ಕಿತ್ತೆಸೆದದ್ದು ಎಲೆಕ್ಟ್ರಾನುಗಳನ್ನು. ಎಲೆಕ್ಟ್ರಾನ್ ಹೋದರೆ ಪರಮಾಣು ಯಾಕೆ ಜಾಗ ಬಿಡಬೇಕು?

1965ರಲ್ಲಿ ಫ್ಲೈಷರ್, ಪ್ರೈಸ್, ವಾಕರ್ ಒಂದು ಉತ್ತರ ಕೊಟ್ಟರು: ಎಲೆಕ್ಟ್ರಾನ್ ಕಳೆದುಕೊಂಡ ಅಯಾನುಗಳು ಒಂದನ್ನೊಂದು ದೂಡಿ ಸಿಡಿಯುತ್ತವೆ. ಇಂದು ಹೆಚ್ಚು ಚಲಾವಣೆಯಲ್ಲಿರುವುದು ಇನ್ನೊಂದು ಉತ್ತರ, ಫ್ರಾನ್ಸಿನ ತುಲೆಮೊಂದ್ ಮತ್ತು ಸಂಗಡಿಗರು ಬೆಳೆಸಿದ ಉಷ್ಣಶೂಲ ಮಾದರಿ. ಎಲೆಕ್ಟ್ರಾನುಗಳು ಕಾದು, ಆ ಕಾವನ್ನು ಪರಮಾಣುಗಳ ಜಾಲಕಕ್ಕೆ ದಾಟಿಸುತ್ತವೆ; ದಾರಿಯುದ್ದಕ್ಕೂ ಹರಳು ಕರಗಿ ಥಟ್ಟನೆ ಹೆಪ್ಪುಗಟ್ಟುತ್ತದೆ. ಅದರ ಸಾಧನೆ ಸಣ್ಣದಲ್ಲ. ದಾರಿಯಲ್ಲಿ ಅಷ್ಟೇ ಶಕ್ತಿ ಸುರಿದರೂ ನಿಧಾನದ ಅಯಾನು ಹೆಚ್ಚು ದಪ್ಪ ಗೆರೆ ಬಿಡುವುದೇಕೆ ಎಂಬುದನ್ನು ಅದು ಚೆನ್ನಾಗಿ ಬಿಡಿಸಿ ಹೇಳುತ್ತದೆ.

ನನ್ನ ತಕರಾರಿರುವುದು ಲವಣದಂಥ ಹರಳುಗಳ ವಿಷಯದಲ್ಲಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೇಗವರ್ಧಕದಿಂದ ನ್ಯೂಕ್ಲಿಯಾನಿಗೆ 11.4 ಎಂಇವಿ ಶಕ್ತಿಯಿಂದ ಹೊರಟ ಅಯಾನು ಬೆಳಕಿನ ವೇಗದ ಸುಮಾರು ಶೇ. 15ರಷ್ಟು ವೇಗದಲ್ಲಿ ಓಡುತ್ತದೆ. ಜಾಲಕ ಒಮ್ಮೆ ಅಲುಗಾಡಲು ಬೇಕಾದ ಹೊತ್ತಿಗೆ ಅದು ಪರಮಾಣುಗಳ ಸಾವಿರಾರು ಸಾಲುಗಳನ್ನು ದಾಟಿರುತ್ತದೆ. ಪರಮಾಣುಗಳು ಇನ್ನೂ ಕದಲದ ಆ ಗಳಿಗೆಯಲ್ಲಿ ಉಷ್ಣತೆ ಎಂಬ ಮಾತಿಗೆ ಅರ್ಥವೇನು? ಅಲ್ಲಿ ನಡೆದದ್ದು ಒಂದು ರಾಸಾಯನಿಕ ಕೊಡುಕೊಳೆ. ಲಿಥಿಯಂ ಫ್ಲೋರೈಡಿನಲ್ಲಿ ಫ್ಲೋರೈಡ್ ಅಯಾನು ತನ್ನ ಹೆಚ್ಚುವರಿ ಎಲೆಕ್ಟ್ರಾನನ್ನು ಕಳೆದುಕೊಂಡು ಬರಿಯ ಫ್ಲೋರಿನ್ ಆಗುತ್ತದೆ. ಪಕ್ಕದ ಫ್ಲೋರೈಡನ್ನು ಹತ್ತಿರಕ್ಕೆಳೆದುಕೊಂಡು ಜೋಡಿಯಾಗುತ್ತದೆ. ಆ ಜೋಡಿ ಒಂದು ಎಲೆಕ್ಟ್ರಾನನ್ನು ಮರಳಿ ಹಿಡಿದರೆ ಹಳೆಯ ಸ್ಥಿತಿಗೇ ಬರಬೇಕೆಂದಿಲ್ಲ. ಕೆಲವೊಮ್ಮೆ ಫ್ಲೋರಿನ್ ತನ್ನ ಜಾಗದಿಂದ ಸರಿದುಹೋಗುತ್ತದೆ, ಖಾಲಿಯಾದ ಜಾಗದಲ್ಲಿ ಎಲೆಕ್ಟ್ರಾನ್ ಕೂರುತ್ತದೆ. ಜರ್ಮನ್ ವಿಜ್ಞಾನಿಗಳು ಬಣ್ಣದ ಕೇಂದ್ರ ಎಂದು ಕರೆದದ್ದು ಇದನ್ನೇ. ಏನೂ ಕರಗದೆ ಪರಮಾಣು ಜಾಗ ಬಿಟ್ಟಿತು!

ಮೆಗ್ನೀಸಿಯಂ ಆಕ್ಸೈಡನ್ನು ಪಕ್ಕದಲ್ಲಿಡಿ. ಹರಳಿನ ಕಟ್ಟಡ ಅದೇ, ಅಡಿಗೆ ಉಪ್ಪಿನದು. ಆದರೆ ಅಲ್ಲಿ ಎಲೆಕ್ಟ್ರಾನನ್ನು ಕಿತ್ತು ಮರಳಿಸಿದರೆ ಪರಮಾಣು ಸಾಮಾನ್ಯವಾಗಿ ಕದಲುವುದಿಲ್ಲ, ಏಕೆಂದರೆ ಆ ಉದ್ರೇಕ ಒಂದೆಡೆ ಸಿಕ್ಕಿಬೀಳದೆ ಹರಡಿಹೋಗುತ್ತದೆ. ಕರಗುವ ಬಿಂದುಗಳನ್ನು ಹೋಲಿಸಿ ಈ ವ್ಯತ್ಯಾಸವನ್ನು ಹಿಡಿಯಲಾಗದು. ಬಿಸಿಯ ಮಾದರಿ ಇಂಥ ಗುಣಗಳನ್ನೆಲ್ಲ ಎಲೆಕ್ಟ್ರಾನಿನಿಂದ ಜಾಲಕಕ್ಕೆ ಶಕ್ತಿ ದಾಟುವ ಒಂದೇ ಅಂಕಿಯೊಳಗೆ ಅಡಕಿ, ಅಳತೆಗೆ ಹೊಂದುವಂತೆ ಆ ಅಂಕಿಯನ್ನು ಹೊಂದಿಸಿಕೊಳ್ಳುತ್ತದೆ. ಹೊಂದಿಕೆ ಸಿಕ್ಕಿತೆಂದು ಕಾರಣ ಸಿಕ್ಕಂತಾಗಲಿಲ್ಲ.

ಲಿಥಿಯಂ ಫ್ಲೋರೈಡಿನ ಗೆರೆಯೇ ಎರಡು ಪದರದ್ದು. ನಡುವೆ ಒಂದೆರಡು ನ್ಯಾನೊಮೀಟರ್ ತ್ರಿಜ್ಯದ ತಿರುಳು. ನ್ಯಾನೊಮೀಟರಿಗೆ ಸುಮಾರು 10 ಕೆಇವಿ ಮೀರಿ ಶಕ್ತಿ ಸುರಿದಾಗಷ್ಟೇ ಅದು ಹುಟ್ಟುತ್ತದೆ. ತಿರುಳನ್ನು ಬಿಸಿಯ ಮಾದರಿಗೆ ಬಿಟ್ಟುಕೊಡಲು ಅಡ್ಡಿಯಿಲ್ಲ. ಆದರೆ ಅದರ ಸುತ್ತ ಎಷ್ಟೋ ಪಟ್ಟು ಅಗಲಕ್ಕೆ, ಹರಳು ಕರಗದ ಜಾಗದಲ್ಲೂ, ಬಣ್ಣದ ಕೇಂದ್ರಗಳು ಹರಡಿಕೊಂಡಿವೆ. ಆ ಹೊರಪದರದ ಲೆಕ್ಕವನ್ನು ಉಷ್ಣತೆಯಿಂದಲ್ಲ, ಎಲೆಕ್ಟ್ರಾನ್ ಎಲ್ಲಿಂದ ಹೊರಟು ಎಲ್ಲಿ ಸೇರಿತು ಎಂಬುದರಿಂದಲೇ ಶುರುಮಾಡಬೇಕು.