ಅಜ್ಜಿಯ ಮಾತು, ಹಡಗಿನ ತೇದಿ

ಅಲೆಕ್ಸ್ ಹೇಲಿಯವರ ‘ರೂಟ್ಸ್’ (1976) ಗ್ರಂಥದ ಜೀವಾಳ, ನನ್ನ ಮಟ್ಟಿಗೆ, ಅವರ ಅಜ್ಜಿ ಸಿಂತಿಯಾ. ಟೆನ್ನೆಸ್ಸೀಯ ಮನೆಜಗುಲಿಯಲ್ಲಿ ಕುಳಿತು, ಆಫ್ರಿಕದಿಂದ ಸೆರೆಹಿಡಿದು ತಂದ ಮೂಲಪುರುಷ ಕಿಂಟೆಯ ಕತೆಯನ್ನು, ಅವನು ನದಿಗೆ ಹೇಳುತ್ತಿದ್ದ ‘ಕಾಂಬಿ ಬೊಲೊಂಗೊ’ ಎಂಬ ಹೆಸರನ್ನು ಮೊಮ್ಮಗನ ಕಿವಿಗೆ ಹಾಕಿದವರು ಆಕೆ. ಆ ಮಾತಿನ ಜಾಡು ಹಿಡಿದೇ ಹೇಲಿ ಗ್ಯಾಂಬಿಯ ಸೇರಿದರು. ದಾಖಲೆಗಳೋ, 1870ರ ಜನಗಣತಿಗೆ ಮುಂಚೆ ಗುಲಾಮನಿಗೆ ವಯಸ್ಸುಂಟು, ಸಾಮಾನ್ಯವಾಗಿ ಹೆಸರಿಲ್ಲ! ಆದರೂ ಹೇಲಿ 1767ರ ಹಡಗೊಂದನ್ನು ಕತೆಗೆ ಗಂಟುಹಾಕಿದರು. ಅವರು ಕಿಂಟೆಯೆಂದು ಗುರುತಿಸಿದ ಟೋಬಿ ಅದಕ್ಕೂ ಮೊದಲೇ ವರ್ಜೀನಿಯದ ಕಾಗದಗಳಲ್ಲಿದ್ದುದನ್ನು ಮಿಲ್ಸ್ ದಂಪತಿಗಳು 1981ರಲ್ಲಿ ತೋರಿಸಿದರು. ಡಿ.ಎನ್.ಎ.ಯೂ ಇಲ್ಲಿ ಸುಲಭದ ಸಾಕ್ಷಿಯಲ್ಲ. ಕಿಂಟೆಯ ಮಗಳು ಕಿಜ್ಜಿ, ಅವಳ ಮಗ ಜಾರ್ಜ್, ಅವನ ಮಗ ಟಾಮ್, ಟಾಮನ ಮಗಳು ಸಿಂತಿಯಾ: ತಂದೆಯಿಂದ ಮಗನಿಗೆ ಇಳಿಯುವ ಗುರುತು ಕಿಜ್ಜಿಯಲ್ಲಿ, ತಾಯಿಂದ ಇಳಿಯುವುದು ಜಾರ್ಜನಲ್ಲಿ ಕಡಿಯುತ್ತದೆ. ಹಡಗಿನ ತೇದಿಯನ್ನು ಬಿಟ್ಟು ಜಗುಲಿಯ ಮಾತನ್ನೇ ಹೇಲಿ ನೆಚ್ಚಿದ್ದರೆ ಗ್ರಂಥದ ತೂಕವೇನೂ ಕುಗ್ಗುತ್ತಿರಲಿಲ್ಲ.