ಮೆಕ್ಕಾದ ಗಡಿಯಾರ, ಹುಕ್ಕೇರಿಯ ಗುಮ್ಮಟ

ನಮ್ಮ ಹುಕ್ಕೇರಿಯಲ್ಲಿ ಯಾರಿಗಾದರೂ ದಾರಿ ಹೇಳ್ಬೇಕಂದ್ರೆ ಗುಮ್ಮಟದಿಂದ ಶುರು ಮಾಡ್ತೀವಿ. ‘ಗುಮ್ಮಟದ ಹತ್ರ ಬಂದು ಫೋನ್ ಹಚ್ಚು.’ ಆದಿಲ್‌ಶಾಹಿ ಕಾಲದ ಗೋರಿಗಳವು. ಒಳಗೆ ಮಲಗಿರೋರು ಯಾರು ಅಂತ ಸ್ಕೂಲಿನ ದಿನಗಳಲ್ಲಿ ನಾನಂತೂ ಕೇಳಿರಲಿಲ್ಲ. ಬೆಂಗಳೂರಿಗೆ ಬಂದು ಇಷ್ಟು ವರ್ಷ ಆದಮೇಲೆ, ಮೆಕ್ಕಾದ ಬಗ್ಗೆ ಒಂದು ಪುಸ್ತಕ ಓದುವಾಗ ಆ ಗುಮ್ಮಟ ಮತ್ತೆ ಮತ್ತೆ ನೆನಪಾಯ್ತು.

ಜಿಯಾವುದ್ದೀನ್ ಸರ್ದಾರ್ ಬರೆದ ‘ಮೆಕ್ಕಾ: ದಿ ಸೇಕ್ರೆಡ್ ಸಿಟಿ’ 2014ರಲ್ಲಿ ಬಂದದ್ದು. ಸರ್ದಾರ್ ಪಾಕಿಸ್ತಾನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. 1970ರ ದಶಕದಲ್ಲಿ ಜೆದ್ದಾದ ಹಜ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಜೆದ್ದಾದಿಂದ ಮೆಕ್ಕಾಕ್ಕೆ ಕತ್ತೆಯೊಂದನ್ನು ಜೊತೆ ಮಾಡಿಕೊಂಡು ನಡೆದೇ ಹೊರಟ ಮನುಷ್ಯ. ಮುಸ್ಲಿಮರಲ್ಲದವರಿಗೆ ಆ ಊರಿಗೆ ಪ್ರವೇಶವಿಲ್ಲ. ಹಾಗಾಗಿ ನನಗೆ ಮೆಕ್ಕಾ ನೋಡೋಕೆ ಇರೋದು ಎರಡೇ ದಾರಿ: ಒಂದು ಇಂಥ ಪುಸ್ತಕ, ಇನ್ನೊಂದು ಊರಲ್ಲಿ ನಮ್ಮ ಪಕ್ಕದ ಮನೆಯ ಚಾಚಿ.

ಪುಸ್ತಕದ ದೊಡ್ಡ ಗುಣ ಅಂದ್ರೆ ಪ್ರೀತಿ ಇದೆ, ಕುರುಡು ಭಕ್ತಿ ಇಲ್ಲ. 930ರಲ್ಲಿ ಕರಾಮತಿಗಳು ಕಾಬಾದ ಕಪ್ಪುಶಿಲೆಯನ್ನೇ ಹೊತ್ತೊಯ್ದದ್ದು, ಶರೀಫರ ಮನೆತನಗಳ ಬಡಿದಾಟ, 1979ರ ನವೆಂಬರ್‌ನಲ್ಲಿ ಬಂದೂಕುಧಾರಿಗಳು ಹರಮ್ ಮಸೀದಿಯನ್ನೇ ಹಿಡಿದುಕೊಂಡದ್ದು, ಯಾವುದನ್ನೂ ಮುಚ್ಚಿಡೋದಿಲ್ಲ. ಪವಿತ್ರ ಊರಿನಲ್ಲೂ ಮನುಷ್ಯರೇ ಇದ್ದರು ಅಂತ ನೇರವಾಗಿ ಹೇಳ್ತಾರೆ.

ಅವರ ಸಿಟ್ಟೆಲ್ಲ ಇವತ್ತಿನ ಮೆಕ್ಕಾದ ಮೇಲೆ. 18ನೇ ಶತಮಾನದ ಒಟ್ಟೋಮನ್ ಕೋಟೆ ಅಜ್ಯಾದ್ ಅನ್ನು 2002ರಲ್ಲಿ ಕೆಡವಿದರು. ಕೋಟೆಯಿದ್ದ ಗುಡ್ಡವನ್ನೂ ಉಳಿಸಲಿಲ್ಲ. ಆ ಜಾಗದಲ್ಲಿ ಎದ್ದದ್ದು ಹೋಟೆಲು, ಮಾಲುಗಳ ಗಡಿಯಾರ ಗೋಪುರ. ಅದರ ಎತ್ತರ 601 ಮೀಟರ್. ಕೆಳಗಿರುವ ಕಾಬಾದ ಎತ್ತರ ಸುಮಾರು 13 ಮೀಟರ್. ಓದ್ತಾ ಓದ್ತಾ ನಾನೂ ಸರ್ದಾರ್ ಪಕ್ಷ ಸೇರಿಬಿಟ್ಟಿದ್ದೆ. ಊರಿಗೆ ಹೋದಾಗ ಚಾಚಿಗೆ ಇದನ್ನೆಲ್ಲ ಆವೇಶದಿಂದ ಹೇಳಿದೆ.

ಚಾಚಿ ಹಜ್‌ಗೆ ಹೋಗಿ ಬಂದು ಕೆಲವು ವರ್ಷ ಆಗಿದೆ. ಚಾಚಾನ ಟೇಲರಿಂಗ್ ದುಡ್ಡು ಕೂಡಿಟ್ಟು, ಅರ್ಜಿ ಹಾಕಿ, ಲಾಟರಿಯಲ್ಲಿ ಹೆಸರು ಬರೋವರೆಗೆ ಕಾದು ಹೋದವರು.

“ಆ ಗಡಿಯಾರ ಇದ್ದದ್ದಕ್ಕ ನಾ ಉಳದೆ ತಮ್ಮಾ,” ಅಂದ್ರು. “ಅಷ್ಟು ಮಂದ್ಯಾಗ ನಿಮ್ಮ ಚಾಚಾನ ಕೈ ತಪ್ಪಿ ಹೋತು. ಬೋರ್ಡ ಓದಾಕ ನನಗ ಬರಂಗಿಲ್ಲ. ತಪ್ಪಿಸ್ಕೊಂಡ್ರ ಗಡಿಯಾರದ ಬುಡಕ್ಕ ಬಂದು ನಿಲ್ಲೂದು ಅಂತ ಮೊದಲ ಮಾತಾಡ್ಕೊಂಡಿದ್ವಿ. ಹೋಗಿ ನಿಂತೆ. ಅವರೂ ಬಂದ್ರು.”

ನನ್ನ ಆವೇಶ ಅಲ್ಲೇ ಇಳೀತು. ‘ಗುಮ್ಮಟದ ಹತ್ರ ಬಾ’ ಅನ್ನೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲೇ ಪುಸ್ತಕದ ಕೊರತೆ ನನಗೆ ಕಂಡದ್ದು. ಅದರಲ್ಲಿ ಯಾತ್ರಿಕರು ಬರ್ತಾರೆ: ಇಬ್ನ್ ಜುಬೈರ್, ಇಬ್ನ್ ಬತೂತಾ, ಭೋಪಾಲದ ಸಿಕಂದರ್ ಬೇಗಂ. ಎಲ್ಲರೂ ಬರೆದಿಟ್ಟವರು. ಓದು ಬರಹ ಇಲ್ಲದೆ ಹೋಗಿ ಬಂದ ಲಕ್ಷಾಂತರ ಚಾಚಿಯರು ಅಲ್ಲಿ ಗುಂಪಾಗಿ ಮಾತ್ರ ಇದ್ದಾರೆ. ಇನ್ನೊಂದು ಮಾತು: ಹಳೆಯ ಕಟ್ಟಡ ಅಂದ ತಕ್ಷಣ ನಮಗೆ ಮೃದುವಾಗುತ್ತೆ. ಅಜ್ಯಾದ್ ಕೂಡ ಸೈನಿಕರ ಕೋಟೆಯೇ. ನಮ್ಮೂರ ಗುಮ್ಮಟಗಳೂ ಅಧಿಕಾರ ಇದ್ದವರ ದೌಲತ್ತೇ. ನಾಕೈದು ನೂರು ವರ್ಷ ಕಳೆದದ್ದಕ್ಕೆ ಅವು ನಮ್ಮವಾಗಿವೆ, ಅಷ್ಟೇ.

ಹಾಗಾದ್ರೆ ಸರ್ದಾರ್ ತಪ್ಪಾ? ಚಾಚಿಯ ಮುಂದಿನ ಮಾತು ಕೇಳಿ.

“ನಮ್ಮ ರೂಮು ದೂರ, ಅಜೀಜಿಯಾದಾಗ ಇತ್ತು. ಬಸ್ಸಿಗೆ ನಿಂತು ನಿಂತು ಕಾಲು ಬಾತಿದ್ವು. ಗಡಿಯಾರದ ಹೋಟೆಲಿನ್ಯಾಗ ಇದ್ದೋರಿಗೆ ಖಿಡಕಿ ತಗದ್ರ ಕಾಬಾ ಕಾಣತೈತಂತ. ರೊಕ್ಕ ಇದ್ದೋರು.”

ಹಜ್‌ನಲ್ಲಿ ಗಂಡಸರು ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ ಉಡ್ತಾರೆ, ಅರಸ ಯಾರು ಆಳು ಯಾರು ಅಂತ ಗೊತ್ತಾಗಬಾರದು ಅಂತ. ಬಟ್ಟೆ ಅಳಿಸಿದ ಭೇದವನ್ನು ರೂಮಿನ ಬಾಡಿಗೆ ವಾಪಸ್ ತಂದಿದೆ. ಗೋಪುರದ ಬಗ್ಗೆ ನಿಜವಾದ ದೂರು ಇದು. ಸರ್ದಾರ್ ಇದನ್ನು ಹೇಳ್ತಾರೆ, ಚೆನ್ನಾಗಿಯೇ ಹೇಳ್ತಾರೆ. ಆದರೆ ಕಳೆದುಹೋದ ಹಳೇ ಊರಿನ ದುಃಖ, ಕಳೆದುಹೋದ ಸಮಾನತೆಯ ದುಃಖ, ಎರಡನ್ನೂ ಒಂದೇ ಅನ್ನೋ ಹಾಗೆ ಬೆರೆಸಿಬಿಡ್ತಾರೆ. ಮೊದಲನೆಯದು ನನ್ನಂಥ, ಅವರಂಥ ಓದುವ ಜನರದ್ದು. ಎರಡನೆಯದು ಚಾಚಿಯದ್ದು, ಅವರ ಕಾಲಿನದ್ದು. ಪುಸ್ತಕ ಎರಡನೆಯದಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಹಾಗಂತ ಮೊದಲನೆಯದು ಸುಳ್ಳೂ ಅಲ್ಲ. ಅಲ್ಲೊಂದು ಕೋಟೆ ಇತ್ತು ಅಂದಾಗ ಚಾಚಿ ಬೆರಗಾದ್ರು: “ಹೌದೇನು? ನಮಗ ಯಾರೂ ಹೇಳಲೇ ಇಲ್ಲಲ್ಲ!” ಕೆಡವಿದ್ದರ ನಷ್ಟ ಅಂದ್ರೆ ಇದೇ. ಅದೇ ಜಾಗದಲ್ಲಿ ನಿಂತವರಿಗೂ ಏನು ಹೋಯ್ತು ಅಂತ ಗೊತ್ತಾಗೋದಿಲ್ಲ.

ಪುಸ್ತಕ ಖಂಡಿತ ಓದಿ. ಓದಿದ ಮೇಲೆ ಹಜ್‌ಗೆ ಹೋಗಿ ಬಂದ ಯಾರ ಜೊತೆಗಾದರೂ ಒಂದು ಚಹಾ ಕುಡೀರಿ. ನಾನಂತೂ ಮುಂದಿನ ಸಲ ಊರಿಗೆ ಹೋದಾಗ ಗುಮ್ಮಟದೊಳಗೆ ಮಲಗಿರೋರು ಯಾರು ಅಂತ ಕೇಳ್ಕೊಂಡೇ ಬರ್ತೀನಿ.